ಎಲ್ಲವೂ ಸಿಗುವ ಹೋಟೆಲನ್ನು ಮತ್ತೆ ರೊಟ್ಟಿ ಖಾನಾವಳಿ ಮಾಡುವುದು ಹೇಗೆ

ವಿಜಯಪುರ, ಬಾಗಲಕೋಟೆ ಕಡೆಯ ಮನೆತನದ ಹೋಟೆಲುಗಳ ಕಥೆ ಸಾಮಾನ್ಯವಾಗಿ ಒಂದೇ ದಾರಿ ಹಿಡಿದಿರುತ್ತದೆ. ಅಜ್ಜಿಯ ಕಾಲಕ್ಕೆ ಅದು ಜೋಳದ ರೊಟ್ಟಿ, ಎರಡು ಪಲ್ಯ, ಹಿಂಡಿ (ಚಟ್ನಿ ಪುಡಿ), ಮೊಸರು ಹಾಕುವ ಖಾನಾವಳಿ. ಮಗನ ಕಾಲಕ್ಕೆ ಇಡ್ಲಿ, ವಡೆ, ಪೂರಿ ಬಂದವು. ಮೊಮ್ಮಕ್ಕಳ ಕಾಲಕ್ಕೆ ಗೋಬಿ ಮಂಚೂರಿ, ಫ್ರೈಡ್ ರೈಸ್, ಪನೀರ್ ಬಟರ್ ಮಸಾಲಾ ಸೇರಿ ಮೆನು ನಾಲ್ಕು ಪುಟವಾಯಿತು. ರೊಟ್ಟಿ ಊಟ ನಾಲ್ಕನೇ ಪುಟದ ಕೊನೆಗೆ ಹೋಯಿತು, ಅದೂ ಹೊರಗಿಂದ ತಂದ ಖಡಕ್ ರೊಟ್ಟಿ. ಗಿರಾಕಿ ಇದ್ದಾರೆ, ಆದರೆ ಪಕ್ಕದ ಹತ್ತು ಹೋಟೆಲುಗಳಲ್ಲಿ ಸಿಗುವುದೇ ಇಲ್ಲಿಯೂ ಸಿಗುತ್ತದೆ.

ಇಂಥ ಹೋಟೆಲನ್ನು ಅದು ಹುಟ್ಟಿದ ಉದ್ದೇಶಕ್ಕೆ ಮರಳಿಸಬೇಕು ಎಂದುಕೊಂಡವರಿಗಾಗಿ ಈ ಬರಹ. ನಮ್ಮ ಖಚಿತ ಅಭಿಪ್ರಾಯ ಒಂದೇ: ಇಡೀ ಹೋಟೆಲನ್ನು ಒಮ್ಮೆಲೇ ಬದಲಿಸಬೇಡಿ, ಮಧ್ಯಾಹ್ನದ ಊಟ ಒಂದನ್ನೇ ಮೊದಲು ಸರಿಮಾಡಿ. ಅದು ಸರಿಹೋದರೆ ಧಾನ್ಯದ ಖರೀದಿ, ಒಲೆಯ ಜಾಗ, ಆಳುಗಳ ಸಂಖ್ಯೆ, ಬೆಲೆ ಇವೆಲ್ಲ ಅದರ ಹಿಂದೆ ಬರುತ್ತವೆ. ಬಣ್ಣ, ಬೋರ್ಡು, ಟೇಬಲ್ಲುಗಳಿಂದ ಶುರು ಮಾಡಿದವರ ದುಡ್ಡು ರೊಟ್ಟಿ ಬಡಿಯುವ ಕೈ ಸಿಗುವ ಮೊದಲೇ ಮುಗಿದಿರುತ್ತದೆ.

ಕನಸನ್ನು ತಟ್ಟೆಗೆ ಇಳಿಸಿ

ಮನೆಯಲ್ಲಿ ಹಳೆಯ ಕಾಲ ನೋಡಿದ ಹಿರಿಯರು ಇದ್ದರೆ ಒಂದು ಮಧ್ಯಾಹ್ನ ಅವರ ಜೊತೆ ಕೂತು ಬರೆದುಕೊಳ್ಳಿ. ತಟ್ಟೆಯಲ್ಲಿ ಏನೇನು ಇರುತ್ತಿತ್ತು, ಯಾವ ವಾರ ಯಾವ ಪಲ್ಯ, ಹಿಂಡಿ ಎಷ್ಟು ಬಗೆ, ಮಸಾಲಿ ಖಾರಕ್ಕೆ ಏನೇನು ಹಾಕುತ್ತಿದ್ದರು, ಊಟಕ್ಕೆ ಯಾರು ಬರುತ್ತಿದ್ದರು ಎಂದು ಕೇಳಿ. ಸಂತೆಗೆ ಬಂದ ರೈತರಿಗಾಗಿ ನಡೆದ ಖಾನಾವಳಿಗೂ, ರೂಮು ಮಾಡಿಕೊಂಡಿದ್ದ ನೌಕರರಿಗಾಗಿ ನಡೆದ ಖಾನಾವಳಿಗೂ ಊಟದ ಹೊತ್ತು, ಖಾರ, ಪ್ರಮಾಣ ಬೇರೆಬೇರೆ. “ಅಮ್ಮನ ಕೈರುಚಿ ಬೇಕು” ಎಂಬ ಮಾತಿನಿಂದ ಅಡುಗೆಯಾಳಿಗೆ ಏನೂ ತಿಳಿಯುವುದಿಲ್ಲ. “ಎಣಗಾಯಿಗೆ ಗುರೆಳ್ಳು (ಹುಚ್ಚೆಳ್ಳು) ಹಾಕಬೇಕು, ಟೊಮೇಟೊ ಬೇಡ, ಹುಳಿಗೆ ಹುಣಸೆಹಣ್ಣು” ಎಂದರೆ ತಿಳಿಯುತ್ತದೆ. ಹಿರಿಯರು ಹಿಡಿಯಲ್ಲಿ, ಚಿಟಿಕೆಯಲ್ಲಿ ಅಳತೆ ಹೇಳುತ್ತಾರೆ. ಅವರ ಕೈಯಿಂದಲೇ ಹಾಕಿಸಿ, ತಕ್ಕಡಿಯಲ್ಲಿ ತೂಗಿ ಗ್ರಾಂನಲ್ಲಿ ಬರೆಯಿರಿ. ಈ ಕೆಲಸವನ್ನು ಮುಂದೂಡಬೇಡಿ.

ಅದೇ ದಿನ ಇನ್ನೊಂದು ಮಾತೂ ಇತ್ಯರ್ಥವಾಗಲಿ: ಅಡುಗೆಮನೆಯಲ್ಲಿ ಕೊನೆಯ ಮಾತು ಯಾರದು, ಗಲ್ಲಾಪೆಟ್ಟಿಗೆ ಯಾರದು, ಖರೀದಿ ಯಾರದು. ಅಣ್ಣ ರೊಟ್ಟಿ ಊಟ ನಡೆಸುತ್ತಿರುವಾಗ ತಮ್ಮ ಸಂಜೆ ಹೊತ್ತಿಗೆ ಹೊಸ ನೂಡಲ್ಸ್ ಸೇರಿಸಿದರೆ ಎರಡೂ ಕೆಡುತ್ತವೆ.

ಬಿಲ್ಲುಗಳನ್ನು ಓದುವುದು

ಹಿಂದಿನ ಒಂದು ತಿಂಗಳ ಬಿಲ್ಲುಗಳನ್ನು ತೆಗೆದು ಪ್ರತಿ ಪದಾರ್ಥಕ್ಕೂ ಮೂರು ಅಂಕಿ ಬರೆಯಿರಿ: ಎಷ್ಟು ಪ್ಲೇಟು ಹೋಯಿತು, ಒಂದು ಪ್ಲೇಟಿಗೆ ಸಾಮಾನಿನ ಖರ್ಚು ಕಳೆದು ಎಷ್ಟು ಉಳಿಯಿತು, ಒಲೆ ಎಷ್ಟು ನಿಮಿಷ ಹಿಡಿಯಿತು. ಮೂರನೆಯದನ್ನು ಹೆಚ್ಚಿನವರು ಬರೆಯುವುದೇ ಇಲ್ಲ, ಆದರೆ ನಿರ್ಧಾರ ಮಾಡಬೇಕಾದದ್ದು ಅದರಿಂದಲೇ. ಪನೀರ್ ಪಲ್ಯದಲ್ಲಿ ಒಂದು ಪ್ಲೇಟಿಗೆ ಹೆಚ್ಚು ಉಳಿದಂತೆ ಕಾಣುತ್ತದೆ. ಆದರೆ ದಿನಕ್ಕೆ ನಾಲ್ಕು ಪ್ಲೇಟು ಹೋಗುವ ಪದಾರ್ಥಕ್ಕಾಗಿ ಗ್ರೇವಿ ಕುದಿಸಿಡಬೇಕು, ಫ್ರಿಜ್ಜಿನಲ್ಲಿ ಜಾಗ ಕೊಡಬೇಕು, ಉಳಿದದ್ದನ್ನು ಎಸೆಯಬೇಕು.

ಮಧ್ಯಾಹ್ನದ ಹೊತ್ತಿನಲ್ಲಿ ಪ್ರತ್ಯೇಕ ಗ್ರೇವಿ, ಪ್ರತ್ಯೇಕ ಬಾಣಲೆ, ಪ್ರತ್ಯೇಕ ಅಡುಗೆಯಾಳು ಬೇಡುವ ಎಲ್ಲವನ್ನೂ ಮೊದಲು ತೆಗೆಯಿರಿ. ಬೆಳಗಿನ ತಿಂಡಿಯನ್ನೂ ಚಹಾವನ್ನೂ ಮಾತ್ರ ಮುಟ್ಟಬೇಡಿ. ಬದಲಾವಣೆಯ ತಿಂಗಳುಗಳಲ್ಲಿ ಬಾಡಿಗೆ ಹುಟ್ಟುವುದು ಅಲ್ಲಿಂದಲೇ. ಉಪ್ಪಿಟ್ಟು, ಅವಲಕ್ಕಿ, ಸಂಜೆಯ ಗಿರಮಿಟ್ಟು, ಮಿರ್ಚಿ ಭಜಿ ಇವೆಲ್ಲ ರೊಟ್ಟಿ ಖಾನಾವಳಿಗೆ ಹೊರಗಿನವೂ ಅಲ್ಲ. ಸಂಜೆಯ ಗೋಬಿಯನ್ನು ಮಧ್ಯಾಹ್ನದ ಊಟ ಗಟ್ಟಿಯಾದ ಮೇಲೆ ನಿಲ್ಲಿಸಿದರಾಯಿತು.

ರೊಟ್ಟಿ

ಇಡೀ ಯೋಜನೆ ನಿಲ್ಲುವುದೂ ಬೀಳುವುದೂ ಇಲ್ಲಿ. ಪಲ್ಯ ಒಂದು ದಿನ ಸ್ವಲ್ಪ ಹೆಚ್ಚುಕಡಿಮೆಯಾದರೆ ಗಿರಾಕಿ ಕ್ಷಮಿಸುತ್ತಾನೆ, ರೊಟ್ಟಿ ಚರ್ಮದಂತೆ ಇದ್ದರೆ ಮತ್ತೆ ಬರುವುದಿಲ್ಲ.

ಜೋಳ ಹಿಂಗಾರಿ ಬೆಳೆಯ ಮಾಲದಂಡಿ ತಳಿಯೇ ಇರಲಿ. ಕಾಳು ದಪ್ಪ, ದುಂಡು, ಮುತ್ತಿನಂತೆ ಬಿಳುಪು, ರೊಟ್ಟಿ ಮೆತ್ತಗೆ, ತುಸು ಸಿಹಿ. ಡೋಣಿ ನದಿ ಬಯಲಿನ ಕರಿಮಣ್ಣಿನ ಜೋಳ ಮನೆಬಾಗಿಲಲ್ಲೇ ಸಿಗುವಾಗ ಅಗ್ಗವೆಂದು ಮುಂಗಾರಿ ಹೈಬ್ರಿಡ್ ಜೋಳ ತರಬೇಡಿ. ಅದರ ರೊಟ್ಟಿ ತಣಿದಂತೆ ಬಿರುಸಾಗುತ್ತದೆ. ಹಿಂಗಾರಿ ಸುಗ್ಗಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಬರುವುದರಿಂದ ಖರೀದಿಗೆ ಅದೇ ಒಳ್ಳೆಯ ಕಾಲ. ಮೊದಲ ವರ್ಷ ಮೂರು ತಿಂಗಳಿಗೆ ಸಾಕಾಗುವಷ್ಟೇ ತೆಗೆದುಕೊಳ್ಳಿ. ಬಿಸಿಲಿಗೆ ಹಾಕಿ, ಬೇವಿನ ಎಲೆ ಬೆರೆಸಿ, ನೆಲಕ್ಕೆ ತಾಗದಂತೆ ಚೀಲ ಇಡಿ.

ಒಂದು ರೊಟ್ಟಿಗೆ ಸುಮಾರು 70 ಗ್ರಾಂ ಹಿಟ್ಟು, ಅಂದರೆ ಒಂದು ಕಿಲೋಗೆ 14 ರೊಟ್ಟಿ. ದಿನಕ್ಕೆ 170 ರೊಟ್ಟಿ ಎಂದರೆ 12 ಕಿಲೋ ಹಿಟ್ಟು, 26 ದಿನಕ್ಕೆ ಮೂರು ಕ್ವಿಂಟಲ್ ದಾಟುತ್ತದೆ. ಮೂರು, ನಾಲ್ಕು ದಿನಕ್ಕೆ ಆಗುವಷ್ಟೇ ಗಿರಣಿಗೆ ಹಾಕಿಸಿ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಸೀಳುತ್ತದೆ. ಗಿರಣಿಯಿಂದ ಬಂದ ಬಿಸಿ ಹಿಟ್ಟನ್ನು ಹಾಗೆಯೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಮುಗ್ಗಲು ವಾಸನೆ ಹಿಡಿಯುತ್ತದೆ. ಬಟ್ಟೆಯ ಮೇಲೆ ಹರವಿ ಆರಿಸಿ ತುಂಬಬೇಕು. ಖಾರ ಅಥವಾ ಗೋಧಿ ಬೀಸಿದ ಬೆನ್ನಿಗೇ ನಿಮ್ಮ ಜೋಳ ಬೀಸದಂತೆ ಗಿರಣಿಯವರಿಗೆ ಹೇಳಿಡಿ.

ಜೋಳದಲ್ಲಿ ಗೋಧಿಯ ಅಂಟು ಇಲ್ಲ. ಹಿಟ್ಟನ್ನು ಹಿಡಿದಿಡುವುದು ಕುದಿಯುವ ಎಸರಿನಲ್ಲಿ ಬೆಂದ ಪಿಷ್ಟ. ಒಂದು ಕಿಲೋ ಹಿಟ್ಟಿಗೆ ಒಟ್ಟು 900 ಮಿಲಿಲೀಟರಿನಿಂದ ಒಂದು ಲೀಟರ್ ನೀರು ಬೇಕಾಗುತ್ತದೆ. ಹಿಟ್ಟಿನ ನಡುವೆ ಗುಳಿ ಮಾಡಿ ಅದರಲ್ಲಿ ಅರ್ಧದಷ್ಟನ್ನು ಗಳಗಳ ಕುದಿಯುವಾಗಲೇ ಸುರಿದು, ಸೌಟಿನಿಂದ ತಿರುವಿ, ಐದು ನಿಮಿಷ ಮುಚ್ಚಿಡಿ. ಉಳಿದ ನೀರನ್ನು ಬೆಚ್ಚಗೆ ಸ್ವಲ್ಪಸ್ವಲ್ಪವೇ ಹಾಕುತ್ತ ಅಂಗೈಯಿಂದ ತಿಕ್ಕಿ ನಾದಬೇಕು. ಒಂದು ಸಲಕ್ಕೆ 15ರಿಂದ 20 ರೊಟ್ಟಿಗೆ ಆಗುವಷ್ಟನ್ನೇ ನಾದಿ. ನಾದಿಟ್ಟ ಹಿಟ್ಟು ಹೊತ್ತಾದಂತೆ ಸಡಿಲವಾಗುತ್ತದೆ.

ಬಡಿದ ರೊಟ್ಟಿಯನ್ನು ಹಿಟ್ಟು ಹತ್ತಿದ ಬದಿ ಮೇಲೆ ಬರುವಂತೆ ಹಂಚಿಗೆ ಹಾಕಿ, ಕೂಡಲೇ ಒದ್ದೆ ಬಟ್ಟೆಯಿಂದ ನೀರು ಸವರಿ. ನೀರು ಆರುತ್ತಿದ್ದಂತೆ ತಿರುವಿ ಹಾಕಿ, ಎರಡನೆಯ ಬದಿ ಬೆಂದ ಮೇಲೆ ಬಟ್ಟೆಯಿಂದ ಅಂಚು ಒತ್ತಿದರೆ ಉಬ್ಬುತ್ತದೆ. ಉಬ್ಬದಿದ್ದರೆ ಮೂರು ಕಾರಣ ನೋಡಿ: ನೀರು ಸವರುವುದು ತಡವಾಗಿದೆ, ರೊಟ್ಟಿ ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು ಇದೆ, ಅಥವಾ ಎಲ್ಲೋ ಸಣ್ಣ ತೂತು ಬಿದ್ದಿದೆ. ಹಂಚಿಗೆ ಅಂಟಿಕೊಂಡರೆ ಹಂಚು ಇನ್ನೂ ಕಾದಿಲ್ಲ. ಬಡಿಯುವಾಗಲೇ ಅಂಚು ಒಡೆದರೆ ಹಿಟ್ಟು ಹಳೆಯದು, ಇಲ್ಲವೇ ಎಸರು ಕುದಿಯುವ ಮೊದಲೇ ಸುರಿದಿದ್ದಾರೆ. ಮಾಡಿದಾಗ ಮೆತ್ತಗಿದ್ದು ಹತ್ತು ನಿಮಿಷಕ್ಕೆ ಗಟ್ಟಿಯಾದರೆ ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಬೇಯಿಸಿದ್ದಾರೆ, ಅಥವಾ ಬಟ್ಟೆ ಹಾಸಿದ ಬುಟ್ಟಿಯಲ್ಲಿ ಮುಚ್ಚಿಟ್ಟಿಲ್ಲ.

ಈಗ ಕೈಗಳ ಲೆಕ್ಕ. ಪಳಗಿದವರೊಬ್ಬರೇ ಬಡಿದು ತಾವೇ ಬೇಯಿಸಿದರೆ ಗಂಟೆಗೆ 40 ರೊಟ್ಟಿ ಎಂದು ಹಿಡಿಯಿರಿ. ಒಬ್ಬರು ಬಡಿದು, ಇನ್ನೊಬ್ಬರು ಎರಡು ಹಂಚು ನೋಡಿಕೊಂಡರೆ 80. ಮಧ್ಯಾಹ್ನ 12.30ರಿಂದ 3ರವರೆಗೆ ಊಟ ನಡೆಸಿದರೆ ಒಬ್ಬರಿಂದ 100, ಇಬ್ಬರಿಂದ 200 ರೊಟ್ಟಿ. ನಿಮ್ಮ ಊಟಗಳ ಸಂಖ್ಯೆಗೆ ಮೇಲ್ಮಿತಿ ಹಾಕುವುದು ಟೇಬಲ್ಲುಗಳಲ್ಲ, ಈ ಅಂಕಿ. ಆದ್ದರಿಂದ “ಬಿಸಿ ರೊಟ್ಟಿ ಬೇಕಾದಷ್ಟು” ಎಂದು ಮೊದಲ ದಿನವೇ ಮಾತು ಕೊಡಬೇಡಿ. ಪಲ್ಯ, ಹಿಂಡಿ, ಸಾರು ಕೇಳಿದಷ್ಟು ಹಾಕಿ, ಬಿಸಿ ರೊಟ್ಟಿಯನ್ನು ಎರಡಕ್ಕೆ ಎಣಿಸಿ, ಮೂರನೆಯದಕ್ಕೆ ಬೇರೆ ಬೆಲೆ ಇಡಿ. ಹಿಟ್ಟಿನ ಬೆಲೆ ಅಂಥ ದೊಡ್ಡದಲ್ಲ, ತೀರುವುದು ಬಡಿಯುವವರ ತೋಳಬಲ.

ಗದ್ದಲದ ಹೊತ್ತಿಗೆ ಆಸರೆಯಾಗಿ ಖಡಕ್ ರೊಟ್ಟಿ ಇರಲಿ. ಅದನ್ನು ಸ್ತ್ರೀಶಕ್ತಿ ಸಂಘಗಳಿಂದ ಎಣಿಕೆಯ ಮೇಲೆ ತರಿಸಬಹುದು. ಒಡೆದ ರೊಟ್ಟಿಯ ನಷ್ಟ ಯಾರದೆಂದು ಮೊದಲೇ ಮಾತಾಡಿಕೊಳ್ಳಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಇಡದಿದ್ದರೆ ಒಂದೇ ದಿನಕ್ಕೆ ಮೆತ್ತಗಾಗುತ್ತವೆ.

ರೊಟ್ಟಿ ಬಡಿಯುವ ಜಾಗವನ್ನು ಗಿರಾಕಿಗೆ ಕಾಣುವಲ್ಲಿ ಇಡಿ, ಆದರೆ ಬಡಿಯುವವರ ದೇಹ ನೋಡಿಕೊಂಡು ಕಟ್ಟಿಸಿ. ನಿಂತು ಬಡಿಯುವ ಕಟ್ಟೆ ಅವರ ಸೊಂಟಕ್ಕಿಂತ ತುಸು ಕೆಳಗಿರಬೇಕು, ಎತ್ತರವಾದರೆ ಭುಜ ಹಿಡಿಯುತ್ತದೆ. ಒಲೆಯ ಮೇಲೆ ಹೊಗೆ, ಬಿಸಿಗಾಳಿ ಹೊರಹಾಕುವ ಫ್ಯಾನು ಬೇಕೇಬೇಕು. ಸೀಲಿಂಗ್ ಫ್ಯಾನಿನ ಗಾಳಿ ಉರಿಯನ್ನು ಅಲ್ಲಾಡಿಸಿ ರೊಟ್ಟಿಯನ್ನು ಒಂದೇ ಬದಿಗೆ ಸುಡುತ್ತದೆ. ನಮ್ಮ ಬ್ಯಾಸಿಗೆ 40 ಡಿಗ್ರಿ ದಾಟುವ ದಿನಗಳಲ್ಲಿ ಹಂಚಿನ ಮುಂದೆ ಎರಡು ಗಂಟೆಗಿಂತ ಹೆಚ್ಚು ಒಬ್ಬರನ್ನೇ ನಿಲ್ಲಿಸಬಾರದು. ಬಡಿಯುವವರೂ ಬೇಯಿಸುವವರೂ ಗಂಟೆಗೊಮ್ಮೆ ಕೆಲಸ ಅದಲುಬದಲು ಮಾಡಿಕೊಳ್ಳಲಿ.

ಪಲ್ಯ ಮತ್ತು ಹಿಂಡಿ

ದಿನಕ್ಕೆ ಎರಡೇ ಪಲ್ಯ: ಒಂದು ತರಕಾರಿ, ಒಂದು ಕಾಳು. ಬದಾಮಿಯ ಬನಶಂಕರಿಯಲ್ಲಿ ಹೆಣ್ಣುಮಕ್ಕಳು ತಲೆಯ ಮೇಲೆ ಬುಟ್ಟಿ ಹೊತ್ತು ತಂದು ರೊಟ್ಟಿ, ಪಲ್ಯ, ಚಟ್ನಿ, ಮೊಸರು ಬಡಿಸುತ್ತಾರೆ. ದೂರದಿಂದ ಬಂದವರೂ ನೆಲಕ್ಕೆ ಕೂತು ಉಣ್ಣುತ್ತಾರೆ. ಅಲ್ಲಿ ಮೆನು ಕಾರ್ಡ್ ಇಲ್ಲ. ನಿಮಗೂ ನಾಲ್ಕು ಪಲ್ಯ ಬೇಕಿಲ್ಲ.

ಎಣಗಾಯಿ 50 ಊಟಕ್ಕೆ, ತಟ್ಟೆಗೆ ಎರಡರಂತೆ, 40 ಗ್ರಾಂ ತೂಗುವ 100 ಎಳೆ ಬದನೆಕಾಯಿ, ಅಂದರೆ ನಾಲ್ಕು ಕಿಲೋ. ಹುರಿದು ಪುಡಿ ಮಾಡಿದ ಶೇಂಗಾ 800 ಗ್ರಾಂ, ಒಣ ಕೊಬ್ಬರಿ 200, ಎಳ್ಳು 150, ಗುರೆಳ್ಳು 75, ಹುಣಸೆಹಣ್ಣು 150, ಬೆಲ್ಲ 150, ಮಸಾಲಿ ಖಾರ 120 ಗ್ರಾಂ, ಉಳ್ಳಾಗಡ್ಡಿ ಒಂದೂವರೆ ಕಿಲೋ, ಎಣ್ಣೆ 550 ಮಿಲಿಲೀಟರ್, ಬಳ್ಳೊಳ್ಳಿ, ಉಪ್ಪು. ನಿಮ್ಮ ಮನೆಯ ಅಳತೆ ಬೇರೆ ಇದ್ದರೆ ಅದೇ ನಡೆಯಲಿ, ಬರೆದಿಟ್ಟಿರಬೇಕು ಅಷ್ಟೆ. ಗುರೆಳ್ಳು ಮತ್ತು ಎಳ್ಳನ್ನು ಬೇರೆಬೇರೆಯಾಗಿ ಹುರಿಯಿರಿ. ಗುರೆಳ್ಳು ಕರಿ ಇರುವುದರಿಂದ ಸುಟ್ಟದ್ದು ಕಣ್ಣಿಗೆ ಕಾಣುವುದಿಲ್ಲ, ಪಲ್ಯ ಕಹಿಯಾದ ಮೇಲೆ ಗೊತ್ತಾಗುತ್ತದೆ. ವಾಸನೆ ಬಂದ ಕೂಡಲೇ ಇಳಿಸಿ. ಶೇಂಗಾ ಇರುವ ಗೊಜ್ಜು ಇಟ್ಟಷ್ಟೂ ಗಟ್ಟಿಯಾಗಿ ತಳ ಹಿಡಿಯುತ್ತದೆ, ಆದ್ದರಿಂದ ಸೌಟಿಗೆ ತುಸು ತೆಳುವಾಗಿರುವಾಗಲೇ ಇಳಿಸಿ, ಮತ್ತೆ ಬಿಸಿ ಮಾಡುವಾಗ ಬಿಸಿನೀರನ್ನೇ ಹಾಕಿ. ಮೇಲಿಂದ ಮೇಲೆ ಕೈಯಾಡಿಸಿದರೆ ಕಾಯಿ ಒಡೆದು ಮುದ್ದೆಯಾಗುತ್ತದೆ. 50ಕ್ಕೂ ಒಂದೇ ಪಾತ್ರೆ ಬೇಡ, 25ರಂತೆ ಎರಡು ಪಾತ್ರೆ ಮಾಡಿ, ಎರಡನೆಯದನ್ನು ಮಧ್ಯಾಹ್ನ ಒಂದರ ಹೊತ್ತಿಗೆ ಒಲೆಗೇರಿಸಿ.

ಮಡಿಕೆಕಾಳು (ಮಟಕಿ) 50 ಊಟಕ್ಕೆ ಒಂದೂವರೆ ಕಿಲೋ ಒಣ ಕಾಳು. ಎಂಟು ಗಂಟೆ ನೆನೆಸಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ. ಚಳಿಗಾಲದಲ್ಲಿ ಮೊಳಕೆಗೆ ಒಂದು ದಿನ ಹಿಡಿಯುತ್ತದೆ, ಬ್ಯಾಸಿಗೆಯಲ್ಲಿ ಒಂದು ರಾತ್ರಿಯೇ ಹೆಚ್ಚು. ಲೋಳೆಯಾಗಿ ಹುಳಿ ವಾಸನೆ ಬಂದರೆ ತೊಳೆದು ಬಳಸಬೇಡಿ, ಎಸೆಯಿರಿ.

ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳಲ್ಲಿ ದಿನಕ್ಕೆ ಎರಡು ಸಾಕು. ವಾರಕ್ಕೆ ಆಗುವಷ್ಟೇ ಕುಟ್ಟಿ, ಎಣ್ಣೆಕಾಳಿನ ಪುಡಿ ಹಳತಾದರೆ ಮುಗ್ಗುತ್ತದೆ. ಜೊತೆಗೆ ಉಳ್ಳಾಗಡ್ಡಿ, ಗಜ್ಜರಿ, ಹಸಿ ಮೆಂತ್ಯಸೊಪ್ಪು, ಇಂಡಿ ತಾಲೂಕಿನ ಲಿಂಬೆ. ಈ ಲಿಂಬೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ, ತಟ್ಟೆಯಲ್ಲಿ ಅರ್ಧ ಹೋಳು ಇಡಲು ಮರೆಯಬೇಡಿ. ಬಿಸಿ ಪದಾರ್ಥ 60 ಡಿಗ್ರಿಗಿಂತ ಕೆಳಗಿಳಿಯಬಾರದು, ಮೊಸರು 5 ಡಿಗ್ರಿಗಿಂತ ಮೇಲೇರಬಾರದು. ಒಂದು ಚಿಕ್ಕ ಥರ್ಮಾಮೀಟರ್ ತಂದಿಡಿ.

ಬೆಲೆ ಕಟ್ಟುವುದು

ಒಂದು ಮಾದರಿ ಲೆಕ್ಕ ಕೊಡುತ್ತೇವೆ, ನಿಮ್ಮ ಪೇಟೆಯ ದರ ಹಾಕಿ ತಿದ್ದಿಕೊಳ್ಳಿ. ಎರಡು ರೊಟ್ಟಿ 7 ರೂಪಾಯಿ, ಎಣಗಾಯಿ 10, ಕಾಳು ಪಲ್ಯ 5, ಹಿಂಡಿ 3, ಹಸಿ ತರಕಾರಿ 3, ಮೊಸರು 3, ಅನ್ನ 4, ಸಾರು 4. ಒಟ್ಟು 39. ಎರಡನೇ ಸಲ ಬಡಿಸಿದ್ದು ಮತ್ತು ಉಳಿದು ಹಾಳಾದದ್ದಕ್ಕೆ 6, ಗ್ಯಾಸಿಗೆ 5 ಸೇರಿಸಿದರೆ 50 ರೂಪಾಯಿ. ಊಟಕ್ಕೆ 120 ಇಟ್ಟರೆ ಉಳಿಯುವುದು 70.

ದಿನದ ಖಾಯಂ ಖರ್ಚು: ಬಾಡಿಗೆ 800, ಮೂವರು ಆಳುಗಳಿಗೆ 1,800, ಮನೆಯವರಿಬ್ಬರ ಪಗಾರ 1,200, ಕರೆಂಟು ನೀರು 400, ಇತರೆ 300. ಒಟ್ಟು 4,500. ಇದನ್ನು 70ರಿಂದ ಭಾಗಿಸಿದರೆ 65 ಊಟ. ಜಿಎಸ್‌ಟಿಯಲ್ಲಿ ಕಾಂಪೊಸಿಷನ್ ಪದ್ಧತಿ (ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿ) ಆಯ್ದುಕೊಂಡವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ವಹಿವಾಟಿನ ಶೇ. 5ನ್ನು ತಮ್ಮ ಕೈಯಿಂದಲೇ ಕಟ್ಟಬೇಕು. ಆಗ ಊಟಕ್ಕೆ 6 ರೂಪಾಯಿ ಹೋಗಿ 64 ಉಳಿಯುತ್ತದೆ, ಬೇಕಾದ ಊಟ 71 ಆಗುತ್ತದೆ. ತಟ್ಟೆಗೆ ಸರಾಸರಿ 2.4 ರೊಟ್ಟಿ ಹಿಡಿದರೆ 170 ರೊಟ್ಟಿ. ಮೇಲಿನ ಲೆಕ್ಕಕ್ಕೆ ಹೋಲಿಸಿ ನೋಡಿ, ಒಬ್ಬರ ಕೈಯಿಂದ ಆಗುವುದಿಲ್ಲ, ಇಬ್ಬರು ಬೇಕು. ಬೆಳಗಿನ ತಿಂಡಿ ಖರ್ಚಿನ ಒಂದು ಪಾಲು ಹೊತ್ತರೆ ಈ ಸಂಖ್ಯೆ ಇಳಿಯುತ್ತದೆ.

ಮನೆಯವರ ಪಗಾರವನ್ನು ಬರೆಯದೆ ಬಿಡುವುದು ಮನೆತನದ ಹೋಟೆಲುಗಳ ಹಳೆಯ ರೋಗ. ಅತ್ತೆ, ಸೊಸೆ ಬೆಳಗಿನಿಂದ ದುಡಿದದ್ದು ಲಾಭದ ಖಾತೆಯಲ್ಲಿ ಕೂತಿರುತ್ತದೆ. ಅವರಲ್ಲಿ ಒಬ್ಬರು ಜ್ವರ ಬಂದು ಮಲಗಿದ ದಿನ ಆ ಲಾಭ ಯಾರದಾಗಿತ್ತೆಂದು ತಿಳಿಯುತ್ತದೆ. ಪಗಾರವನ್ನು ಅವರ ಖಾತೆಗೇ ಹಾಕಿ. ವಾರಕ್ಕೊಂದು ರಜೆ ಎಲ್ಲರಿಗೂ ಇರಲಿ.

ಬದಲಾವಣೆಯ ಕ್ರಮ

ಮೊದಲ ಎರಡು ವಾರ ಹಳೆಯ ಮೆನು ಇದ್ದಂತೆ ಇರಲಿ, ದಿನಕ್ಕೆ 20 ರೊಟ್ಟಿ ಊಟ ಮಾತ್ರ ಮಾಡಿ, ಮುಗಿದ ಮೇಲೆ ಇಲ್ಲ ಎನ್ನಿ. ತಟ್ಟೆಯಲ್ಲಿ ಏನು ಉಳಿದು ಬರುತ್ತದೆ ಎಂದು ತೊಳೆಯುವವರನ್ನು ಕೇಳಿ, ಗಿರಾಕಿಯ ಹೊಗಳಿಕೆಗಿಂತ ಅದು ನಿಜ. ಮೂರನೆಯ ವಾರದಿಂದ 40ಕ್ಕೆ ಏರಿಸಿ, ಮಧ್ಯಾಹ್ನದ ಗ್ರೇವಿಗಳನ್ನು ನಿಲ್ಲಿಸಿ. ಸತತ ಎರಡು ವಾರ 40 ಊಟ ಎರಡೂವರೆಗೆ ಮೊದಲೇ ಮುಗಿದರೆ ಎರಡನೆಯ ರೊಟ್ಟಿಯವರನ್ನು ತೆಗೆದುಕೊಂಡು ಮುಂದೆ ಹೋಗಿ. ಮುಗಿಯದಿದ್ದರೆ ಬೆಲೆ ಇಳಿಸಬೇಡಿ, ಮೊದಲು ರೊಟ್ಟಿ ತಟ್ಟೆಗೆ ಬರುವಾಗ ಬಿಸಿ ಇದೆಯೇ ನೋಡಿ.

ಹಳೆಯ ಗಿರಾಕಿಗಳಲ್ಲಿ ಕೆಲವರು ಹೋಗುತ್ತಾರೆ, ಮುಖ್ಯವಾಗಿ ಹುಡುಗರು. ಮಕ್ಕಳ ಜೊತೆ ಬರುವವರಿಗಾಗಿ ಚಪಾತಿ ಒಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಶುರು ಮಾಡಲು ಅಕ್ಟೋಬರ್ ಒಳ್ಳೆಯದು. ಗೋಳಗುಮ್ಮಟ ನೋಡಲು ಬರುವವರು ಹೆಚ್ಚುವ ಹೊತ್ತಿಗೆ ಕೈ ಪಳಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಒಮ್ಮೆಲೇ 50 ಜನರನ್ನು ಇಳಿಸುತ್ತವೆ. ಮೊದಲೇ ಫೋನ್ ಮಾಡಿದವರಿಗೆ ಮಾತ್ರ, ಖಡಕ್ ರೊಟ್ಟಿಯ ಮೇಲೆ, ಹನ್ನೊಂದೂವರೆಗೆ ಬಡಿಸಿ, ಇಲ್ಲವಾದರೆ ಖಾಯಂ ಗಿರಾಕಿ ಬಾಗಿಲಲ್ಲಿ ನಿಂತು ವಾಪಸು ಹೋಗುತ್ತಾನೆ. ಸಂಕ್ರಾಂತಿಗೆ, ಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇರಲಿ. ಎಳ್ಳಮಾವಾಸ್ಯೆಯಂದು ಜನ ಚರಗ ಚೆಲ್ಲಲು (ಭೂತಾಯಿಗೆ ನೈವೇದ್ಯ ಎರಚಲು) ಹೊಲಕ್ಕೆ ಹೋಗುತ್ತಾರೆ, ಅಂದು ಅರ್ಧ ಅಡುಗೆ ಸಾಕು.

ಕಾಗದಪತ್ರ, ಬೋರ್ಡು

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಪರವಾನಗಿ ಈಗ ಯಾರ ಹೆಸರಲ್ಲಿದೆ ನೋಡಿ. ತೀರಿಕೊಂಡ ಹಿರಿಯರ ಹೆಸರಿನಲ್ಲೇ ನಡೆಯುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಅದರ 14 ಅಂಕಿಯ ಸಂಖ್ಯೆ ಗಿರಾಕಿಗೆ ಕಾಣುವಂತೆ ತೂಗುಹಾಕಿರಬೇಕು, ಬಿಲ್ಲಿನ ಮೇಲೂ ಇರಬೇಕು. ಮಹಾನಗರ ಪಾಲಿಕೆಯ ವ್ಯಾಪಾರ ಪರವಾನಗಿಯೂ ಅದೇ ಹೆಸರಿನಲ್ಲಿರಲಿ. ಅಡುಗೆಮನೆಗೆ 19 ಕಿಲೋದ ವಾಣಿಜ್ಯ ಸಿಲಿಂಡರೇ ಬರಬೇಕು, ಮನೆಯ ಸಿಲಿಂಡರ್ ತಂದು ಹಚ್ಚುವುದು ಕಾನೂನಿಗೆ ವಿರುದ್ಧ. ಮಿರ್ಚಿ ಭಜಿ ಕರಿದ ಎಣ್ಣೆಯನ್ನು ಪಲ್ಯದ ಒಗ್ಗರಣೆಗೆ ತಿರುಗಿಸಬೇಡಿ. ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಅಂಶ ಶೇ. 25 ದಾಟಿದ ಎಣ್ಣೆ ಬಳಸುವಂತಿಲ್ಲ ಎಂದು ನಿಯಮವೇ ಇದೆ. ಕಪ್ಪಾಗಿ, ನೊರೆಯೆದ್ದು, ಜಿಗುಟಾದರೆ ತೆಗೆದುಬಿಡಿ.

ಹೊಸ ಬೋರ್ಡು ಬರೆಸುವುದು ದಿನಕ್ಕೆ 70 ಊಟ ನಿಂತ ಮೇಲೆ. ರಾಜ್ಯದ ನಿಯಮದಂತೆ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿ ಇರಬೇಕು. ಮೊದಲಿನ ಹೆಸರೇ ಇರಲಿ, ಅದರ ಕೆಳಗೆ ಊಟದ ಹೊತ್ತು, ರಜೆಯ ವಾರ ದೊಡ್ಡದಾಗಿ ಬರೆಸಿ. ಜೊತೆಗೆ ಬಾಗಿಲಿಗೆ ತೂಗುಹಾಕಲು “ಬಿಸಿ ರೊಟ್ಟಿ ಮುಗಿದಿದೆ, ಖಡಕ್ ರೊಟ್ಟಿ ಇದೆ” ಎಂಬ ಚಿಕ್ಕ ಹಲಗೆಯೊಂದನ್ನೂ ಮಾಡಿಸಿ. ಬಿಸಿಲಲ್ಲಿ ನಡೆದು ಬಂದವರಿಗೆ ಒಳಗೆ ಕೂತ ಮೇಲೆ ಇಲ್ಲ ಅನ್ನುವಂತಾಗಬಾರದು.